ಅಕ್ಕನ ಕಣ್ಣು ನೋಡಲು ಹೋದದ್ದು

ಅಕ್ಕನದು ಅಂತ ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಫೋಟೋ. ಅದೂ ಅವಳು ಸತ್ತ ಮೇಲೆ ತೆಗೆದದ್ದು.

ನಮ್ಮಲ್ಲಿ ಸತ್ತವರನ್ನು ಮಲಗಿಸಿಡುವುದಿಲ್ಲ. ಮೈ ತೊಳೆದು, ಹಣೆಗೆ ವಿಭೂತಿ ಬಳಿದು, ನಡುಮನೆಯ ಗೋಡೆಗೆ ಒರಗಿಸಿ ಚಕ್ಕಳಮಕ್ಕಳ ಹಾಕಿ ಕೂರಿಸುತ್ತಾರೆ. ಎಡಗೈಯನ್ನು ತೊಡೆಯ ಮೇಲೆ ಬೊಗಸೆಯಂತೆ ಬಗ್ಗಿಸಿ ಅದರಲ್ಲಿ ಲಿಂಗ ಇಡುತ್ತಾರೆ. ಮೈ ಮುಂದಕ್ಕೆ ವಾಲದಿರಲಿ ಅಂತ ಎದೆಗೆ ಅಡ್ಡವಾಗಿ ಒಂದು ಬಟ್ಟೆಪಟ್ಟಿ ಹಾಯಿಸಿ ಹಿಂದಿನ ಗೂಟಕ್ಕೆ ಕಟ್ಟುತ್ತಾರೆ. ಹೂವಿನ ಹಾರ ಬಿದ್ದ ಮೇಲೆ ಪಟ್ಟಿ ಅಷ್ಟಾಗಿ ಕಾಣುವುದಿಲ್ಲ. ಆಮೇಲೆ ತುರುವೇಕೆರೆಯ ಸ್ಟುಡಿಯೋದವನಿಗೆ ಹೇಳಿಕಳಿಸುತ್ತಾರೆ. ಅವನು ಸೈಕಲ್ಲಿನಲ್ಲಿ ಕ್ಯಾಮೆರಾ ಕಟ್ಟಿಕೊಂಡು ಬರುತ್ತಾನೆ. ಅಳುತ್ತಿರುವವರು ಅಳು ನಿಲ್ಲಿಸಿ, ಸತ್ತವರ ಎಡಕ್ಕೂ ಬಲಕ್ಕೂ ಕೂತು, ಕ್ಯಾಮೆರಾದ ಕಡೆ ನೋಡುತ್ತಾರೆ. ಬದುಕಿದ್ದಷ್ಟು ದಿನ ಯಾರಿಗೂ ಫೋಟೋದ ನೆನಪಾಗಿರುವುದಿಲ್ಲ.

ಆ ಫೋಟೋದಲ್ಲಿ ಅಕ್ಕನ ಪಕ್ಕ ಇರುವವಳು ನಾನು. ನನಗೆ ಹತ್ತು ವರ್ಷ, ಅವಳಿಗೆ ಹತ್ತೊಂಬತ್ತು. ಅಪ್ಪ ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದ. ಅವ್ವ ಮೂರು ದಿನ ನೋಡಿದಳು. ನಾಲ್ಕನೆಯ ದಿನ ಇಳಿಸಿ, ಟ್ರಂಕಿನ ತಳದಲ್ಲಿ ಮುಖ ಕೆಳಗಾಗಿ ಇಟ್ಟಳು.

"ಮುಚ್ಚಿದ ಕಣ್ಣ ಎಷ್ಟ್ ದಿನ ಅಂತ ನೋಡ್ಲಿ?" ಅಂದಳು.

ಅವಳು ಹಾಗೆ ಅಂದದ್ದಕ್ಕೆ ಕಾರಣವಿತ್ತು. ಅಕ್ಕನಿಗೆ ಕಾಮಾಲೆ ಆಗಿತ್ತು. ದಂಡಿನಶಿವರದ ಕಡೆ ಒಬ್ಬರು ಸೊಪ್ಪಿನ ರಸ ಕೊಡುತ್ತಿದ್ದರು. ಮೂರು ಬೆಳಗು, ಬರಿ ಹೊಟ್ಟೆಗೆ, ಉಪ್ಪಿಲ್ಲದ ಊಟ. ಎರಡನೆಯ ದಿನ ಸಂಜೆ ಅಕ್ಕ, "ಅವ್ವಾ, ನನ್ನ ತಿಪಟೂರು ಆಸ್ಪತ್ರೆಗೆ ಕರ್ಕಂಡೋಗು" ಅಂದಳು. ಅವ್ವ, "ಇನ್ನೊಂದೇ ಹೊತ್ತು ಔಸ್ತಿ ಐತೆ ಕಣೇ, ಅದ್ ಮುಗೀಲಿ" ಅಂದಳು. ಅಕ್ಕ ಗೋಡೆಯ ಕಡೆ ಹೊರಳಿಕೊಂಡಳು. ಮಾರನೆಯ ಬೆಳಗ್ಗೆ ಅವಳಿಗೆ ಎಚ್ಚರವಿರಲಿಲ್ಲ. ಅದರ ಮಾರನೆಯ ದಿನ ಹೋದಳು. ಅರ್ಧ ತೆರೆದಿದ್ದ ರೆಪ್ಪೆಗಳನ್ನು ಅವ್ವನೇ ಕೈಯಿಂದ ಸವರಿ ಮುಚ್ಚಿದಳು. ಹೊರಳಿಕೊಂಡ ಆ ಗಳಿಗೆಯಿಂದ ಮುಂದೆ ಅಕ್ಕ ಅವ್ವನನ್ನು ಕಣ್ಣು ಬಿಟ್ಟು ನೋಡಲೇ ಇಲ್ಲ. ಆ ಕಣ್ಣಲ್ಲಿ ತನ್ನ ಮೇಲೆ ಸಿಟ್ಟಿತ್ತೋ ಇಲ್ಲವೋ ಎಂಬುದು ಅವ್ವನಿಗೆ ಗೊತ್ತಾಗದೆ ಉಳಿಯಿತು.

ಇದೆಲ್ಲ ನನಗೆ ಗೊತ್ತಿರುವುದು ನಾನು ಪಕ್ಕದಲ್ಲೇ ಚಾಪೆಯ ಮೇಲೆ ಇದ್ದದ್ದರಿಂದ. ಅಕ್ಕ ಕೇಳಿದ್ದನ್ನೂ ಅವ್ವ ಹೇಳಿದ್ದನ್ನೂ ಕೇಳಿಸಿಕೊಂಡವಳು ಆ ಮನೆಯಲ್ಲಿ ನಾನೊಬ್ಬಳೇ.

ಆರು ವರ್ಷದ ಮೇಲೆ ಒಂದು ದಿನ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು ಮನೆಗೆ ಬಂದರು. ಎಪ್ಪತ್ತರ ದಶಕ ಮುಗಿಯುತ್ತಿತ್ತು. ಅವರು ಅಕ್ಕನಿಗೂ ಪಾಠ ಹೇಳಿದ್ದವರು. ಹುಡುಗರನ್ನು ಟೂರಿಗೆ ಬೆಂಗಳೂರಿಗೆ ಕರೆದುಕೊಂಡು ಹೋಗಿದ್ದರಂತೆ. ಅಲ್ಲಿಯ ದೊಡ್ಡ ಮ್ಯೂಸಿಯಮ್ಮಿನ ಚಿತ್ರಶಾಲೆಯಲ್ಲಿ ಒಂದು ಚಿತ್ರದ ಮುಂದೆ ಹುಡುಗರನ್ನು ಮರೆತು ನಿಂತುಬಿಟ್ಟರಂತೆ.

"ಯಜಮಾನ್ರೇ, ನಿಮ್ಮ ದೊಡ್ಡ ಮಗಳು ಅಲ್ಲವಳೆ," ಅಂದರು ಅಪ್ಪನಿಗೆ. "ಬಣ್ಣದ ಚಿತ್ರ. ಇಷ್ಟುದ್ದ. ಕಣ್ಣು ಬಿಟ್ಕೊಂಡು ಕೂತವ್ಳೆ."

"ಬೇರೆ ಯಾರೋ ಇರ್ಬೇಕು ಬುಡಿ ಮೇಷ್ಟ್ರೇ."

"ಮೂರು ವರ್ಷ ಮುಂದಿನ ಬೆಂಚಲ್ಲಿ ಕೂರಿಸ್ಕೊಂಡಿದೀನಿ ಕಣ್ರೀ. ಗಲ್ಲದ ಗುಳಿ ಸುದ್ದಾ ಐತೆ."

ಬರೆದವರು ಯಾರು ಅಂತ ಕೇಳಿದ್ದಕ್ಕೆ ಮೇಷ್ಟ್ರು ಪಟ್ಟಣದ ಚಿತ್ರಕಾರರೊಬ್ಬರ ನೆನಪು ಮಾಡಿದರು. ಅರಳಗುಪ್ಪೆಯ ಗುಡಿಯ ವಿಗ್ರಹಗಳನ್ನು ಬರೆದುಕೊಳ್ಳಲು ಬರುತ್ತಿದ್ದವರು. ಅಕ್ಕ ಹೋದ ಬೇಸಿಗೆಯಲ್ಲಿ ತುರುವೇಕೆರೆಯ ಸ್ಟುಡಿಯೋದ ಮೇಲಿನ ರೂಮಿನಲ್ಲಿ ಇದ್ದು, ಊರೂರು ತಿರುಗಿ ತೆಂಗಿನ ತೋಟ, ಎತ್ತು, ಹೆಂಗಸರು ಅಂತ ಸಿಕ್ಕಿದ್ದನ್ನೆಲ್ಲ ಬರೆಯುತ್ತಿದ್ದರು. ಅವ್ವನಿಗೆ ತಟ್ಟನೆ ನೆನಪಾಯಿತು. ಅಂಥ ಒಬ್ಬರು ನಮ್ಮ ತೋಟದ ಹತ್ತಿರ ನಿಂತಾಗ ಅಕ್ಕ ಎಳನೀರು ಕೆತ್ತಿ ಕೊಟ್ಟಿದ್ದಳಂತೆ. ಆಗ ನೋಡಿ ಬರೆದುಕೊಂಡಿರಬೇಕು. ಈ ನೆನಪನ್ನು ನಾನು ನಂಬುವುದಿಲ್ಲ. ಮೊದಲ ಸಲ ಹೇಳಿದಾಗ ಎಳನೀರು ಇತ್ತು. ವಾರದಲ್ಲಿ ಅದು ಮಜ್ಜಿಗೆ ಆಯಿತು, ಜೊತೆಗೆ ಅಕ್ಕ ನಕ್ಕದ್ದೂ ಸೇರಿತು. ಆದರೆ ಅವ್ವನಿಗೆ ಆ ಎಳನೀರು ಬೇಕಿತ್ತು. ಕಣ್ಣು ಬಿಟ್ಟಿರುವ ಮಗಳು ಎಲ್ಲೋ ಒಂದು ಕಡೆ ಇದ್ದಾಳೆ ಎಂದಾಗ, ಅವಳನ್ನು ಬದುಕಿದ್ದಾಗಲೇ ಯಾರೋ ನೋಡಿರಬೇಕಲ್ಲ.

ಅಪ್ಪ ರೇಗಿದ. "ಸತ್ತೋಳು ಕಣ್ಣು ಬಿಟ್ಟವ್ಳೆ ಅಂತ ರೈಲ್ ಹತ್ಕಂಡು ನೋಡಾಕ್ ಹೋಗ್ತೀಯೇನೇ? ಜನ ನಗಾಕಿಲ್ವಾ?"

"ನಗ್ಲಿ ಬುಡು. ಮಕ ನೋಡುದ್ರೆ ಗೊತ್ತಾಗ್ತದೆ."

"ಏನ್ ಗೊತ್ತಾಗ್ತದೆ?"

"ಸಿಟ್ಟೈತೋ ಇಲ್ವೋ ಅಂತ."

ಅಪ್ಪ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ತೋಟದ ಕಡೆ ಹೊರಟ.

ಹೊರಡುವ ಹಿಂದಿನ ದಿನ ಅವ್ವ ಅಟ್ಟ ಹತ್ತಿದಳು. ಅಟ್ಟದ ಮೇಲೆ ವರ್ಷ ಪೂರ್ತಿ ಒಣಗುವ ಕಾಯಿಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಕೊಬ್ಬರಿ ಕರಟ ಬಿಟ್ಟು ಲೊಡಲೊಡ ಅನ್ನುವುದನ್ನು ಮಾತ್ರ ಆರಿಸಿದಳು. ಒಡೆದು ಹದಿನೈದು ಇಪ್ಪತ್ತು ಗಿಟುಕು ಕೊಬ್ಬರಿ ಕಟ್ಟಿಕೊಂಡಳು. ಜೊತೆಗೆ ಎರಡು ಅಚ್ಚು ಬೆಲ್ಲ.

"ಮ್ಯೂಸಿಯಮ್ಮಿಗೆ ಯಾಕವ್ವ ಕೊಬ್ರಿ?" ಅಂದೆ. ನಾನಾಗ ತಿಪಟೂರಿನಲ್ಲಿ ಪಿಯುಸಿ ಓದುತ್ತಿದ್ದೆ. ಅವಳ ಜೊತೆ ಹೋಗುವುದಕ್ಕೇ ನಾಚಿಕೆಯಾಗುತ್ತಿತ್ತು.

"ಆರ್ ವರ್ಸ ನಮ್ ಹುಡುಗೀನ ಇಟ್ಕಂಡವ್ರೆ. ಬರಿ ಕೈಲಿ ಹೋಗಾಕಾಯ್ತದಾ?"

ಬಾಣಸಂದ್ರದಲ್ಲಿ ಬೆಳಗಿನ ಪ್ಯಾಸೆಂಜರ್ ಹತ್ತಿದೆವು. ಬೆಂಗಳೂರಿನಲ್ಲಿ ಇಳಿದು ಎರಡು ಬಸ್ಸು ಬದಲಾಯಿಸಿದೆವು. ಕಟ್ಟಡ ಕೆಂಪಗಿತ್ತು ಅಂತ ನನ್ನ ಜ್ಞಾಪಕ. ಎತ್ತರದ ಮೆಟ್ಟಿಲುಗಳಿದ್ದವು ಅಂತಲೂ. ಆ ಮೇಲೆ ನಾನು ನೋಡಿದ ಬೇರೆ ಊರುಗಳ ಮ್ಯೂಸಿಯಮ್ಮುಗಳ ಮೆಟ್ಟಿಲುಗಳೂ ಅದರಲ್ಲಿ ಸೇರಿಕೊಂಡಿರಬಹುದು. ಬಾಗಿಲಲ್ಲಿ ಅವ್ವ ಚಪ್ಪಲಿ ಬಿಟ್ಟದ್ದು ಮಾತ್ರ ಖಂಡಿತ. ಖಾಕಿ ಹಾಕಿಕೊಂಡು ಸ್ಟೂಲಿನ ಮೇಲೆ ಕೂತಿದ್ದ ಕಾವಲಿನವನು ಅಂದ:

"ಅಮ್ಮಾ, ಚಪ್ಲಿ ಹಾಕ್ಕಂಡೇ ಬರ್ಬೋದು. ಇದು ಗುಡಿ ಅಲ್ಲ."

"ಸತ್ತೋರ ಮುಂದೆ ಚಪ್ಲಿ ಮೆಟ್ಕಂಡು ನಿಂತ್ಕತಾರೇನಪ್ಪ?"

ಅವನಿಗೆ ಅರ್ಥವಾಗಲಿಲ್ಲ. ನನಗೆ ಆಯಿತು. ನಮ್ಮ ಕಡೆ ಗೋಡೆಯ ಮೇಲೆ ಕಟ್ಟು ಹಾಕಿಸಿದ ಚಿತ್ರವೆಂದರೆ ಒಂದೋ ದೇವರದು, ಇಲ್ಲವೇ ಸತ್ತವರದು. ಬದುಕಿರುವವರನ್ನು ಹಾಗೆ ನೇತುಹಾಕುವುದು ಕೆಟ್ಟ ಶಕುನ. ಅವ್ವನಿಗೆ ಅದು, ಊರಿನವರೆಲ್ಲ ಸೇರಿ ತಮ್ಮ ತಮ್ಮ ಮನೆಗಳಲ್ಲಿ ಹೋದವರನ್ನು ತಂದಿಟ್ಟ ಚಾವಡಿಯಾಗಿತ್ತು. ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಒಂದೊಂದು ಚಿತ್ರದ ಮುಂದೂ ನಿಂತು ಕೈಮುಗಿಯುತ್ತ ಹೋದಳು.

ಪೇಟ ಸುತ್ತಿದ ಯಾರೋ ಅರಸರ ಮುಂದೆ, "ಇವ್ರು ಹೋಗಿ ಬಾಳ ಕಾಲ ಆಗಿರ್ಬೇಕು" ಅಂದಳು. ಮಗುವನ್ನು ಎತ್ತಿಕೊಂಡ ತಾಯಿಯ ಮುಂದೆ, "ಇಬ್ರೂ ಒಟ್ಟಿಗೇನಾ? ಶಿವನೇ" ಅಂದಳು. ಒಂದು ಚಿತ್ರದಲ್ಲಿ ಜನರಿರಲಿಲ್ಲ, ಮೇಜಿನ ಮೇಲೆ ಮಾವಿನ ಹಣ್ಣು, ಒಂದು ಹೂಜಿ, ಅರ್ಧ ಕೊಯ್ದ ಕಲ್ಲಂಗಡಿ.

"ಇದು ಯಾರಿಗ್ ಇಕ್ಕಿರೋ ಎಡೆ ಕಣೇ?"

"ಎಡೆ ಅಲ್ಲ ಅವ್ವ, ಸುಮ್ನೆ ಹಣ್ಣು."

"ಸುಮ್ ಸುಮ್ನೆ ಹಣ್ಣ ಯಾಕ್ ಕಟ್ ಹಾಕ್ಸಿಟ್ಟಾರು?"

ಮೂಲೆಯಲ್ಲಿ ಒಂದು ಹೊಸ ಕಾಲದ ಚಿತ್ರವಿತ್ತು. ಬರೀ ಕಪ್ಪು ಮತ್ತು ಕಾವಿ ಬಣ್ಣದ ತುಂಡುಗಳು. ಆಗಷ್ಟೇ ಕಾಲೇಜಿನಲ್ಲಿ ನವ್ಯ, ಗಿವ್ಯ ಅಂತ ಕೇಳುತ್ತಿದ್ದ ನಾನು ಅದನ್ನು ವಿವರಿಸಲು ಬಾಯಿ ತೆರೆದೆ. ಅವ್ವ ಅಷ್ಟರಲ್ಲಿ ಲೊಚಗುಟ್ಟಿ ಕೈಮುಗಿದಿದ್ದಳು. "ಮಕ ಸಿಗ್ದಂಗೆ ಹೋದೋರು. ಪಾಪ." ನಾನು ಬಾಯಿ ಮುಚ್ಚಿಕೊಂಡೆ. ಆ ಚಿತ್ರವನ್ನು ಕುರಿತು ಅದಕ್ಕಿಂತ ಸರಿಯಾದ ಮಾತನ್ನು ನಾನು ಇವತ್ತಿಗೂ ಹೇಳಲಾರೆ.

ಕಾವಲಿನವನು ಹಿಂದೆಯೇ ಬರುತ್ತಿದ್ದ. ಅವ್ವ ಗಂಟು ಬಿಚ್ಚಿ ಅವನ ಕೈಗೆ ಗಿಟುಕು ಹಾಕಿದಳು. ಅವನು ಒಂದನ್ನು ಬೆರಳಿನಿಂದ ತಟ್ಟಿ, ಮೂಸಿ ನೋಡಿ, ನಕ್ಕ.

"ತಿಪಟೂರ್ ಕಡೆಯೋರಾ ಅಮ್ಮ? ನಮ್ದು ಚಿಕ್ಕನಾಯಕನಹಳ್ಳಿ ತಾಲೋಕು. ಈ ಊರಾಗೆ ಇಂಥ ಕೊಬ್ರಿ ಎಲ್ಲೈತೆ! ಯಾರನ್ ನೋಡಾಕ್ ಬಂದ್ರಿ?"

"ನಮ್ ಹುಡುಗಿ ಇಲ್ಲವ್ಳಂತೆ ಕಣಪ್ಪ. ಕೂತಿರೋಳು."

"ಓ, ಆಯಮ್ಮನಾ!" ಅಂದ. ಪರಿಚಯದವರ ಬಗ್ಗೆ ಹೇಳುವಂತೆಯೇ ಅಂದ. "ಬನ್ನಿ ಬನ್ನಿ, ಆ ಕಡೆ ಗೋಡೆ."

ಅಕ್ಕ ಹೆಚ್ಚುಕಡಿಮೆ ಅಕ್ಕನಷ್ಟೇ ದೊಡ್ಡದಾಗಿ ಇದ್ದಳು. ಗಲ್ಲದ ಗುಳಿ, ಅಗಲ ಹಣೆ, ನೀಲಿ ಸೀರೆ. ಕೆಳಗೆ ಹಿತ್ತಾಳೆಯ ತಗಡಿನ ಮೇಲೆ ‘ಕುಳಿತ ಹುಡುಗಿ, ತೈಲವರ್ಣ’ ಎಂದಿತ್ತು. ಅವಳ ಹಿಂದೆ ತೆಂಗಿನ ತೋಟ, ಗರಿಗಳ ನಡುವೆ ಬಿಸಿಲು. ತೊಡೆಯ ಮೇಲೆ ಬಗ್ಗಿಸಿದ ಎಡಗೈಯಲ್ಲಿ ಒಂದು ಹಳದಿ ಸೇವಂತಿಗೆ. ಮತ್ತು ಕಣ್ಣು. ತೆರೆದ, ನೆಟ್ಟ ಕಣ್ಣು.

ನನಗೆ ಅದು ಯಾಕೆ ಸರಿಯಿಲ್ಲ ಅನ್ನಿಸಿತು ಅಂತ ಆಗ ತಿಳಿಯಲಿಲ್ಲ. ಅಕ್ಕ ಹಿಂದಕ್ಕೆ ಒರಗಿ ಕೂತಿದ್ದಳು. ಹಿಂದೆ ಒರಗಲು ಏನೂ ಇರಲಿಲ್ಲ. ಬರೀ ಗಾಳಿ, ಬಿಸಿಲು.

ಅವ್ವ ಎಡಕ್ಕೆ ಸರಿದಳು. ಬಲಕ್ಕೆ ಸರಿದಳು.

"ಎಲ್ ನಿಂತ್ರೂ ನಿಮ್ಮನ್ನೇ ನೋಡ್ತಾಳೆ ಕಣಮ್ಮ," ಅಂದ ಕಾವಲಿನವನು.

"ಸಿಟ್ಟೈತೆ," ಅಂದಳು ಅವ್ವ. ನನ್ನ ತೋಳು ಹಿಡಿದಳು. "ನೋಡೇ. ಸಿಟ್ಟೈತೆ ಅಲ್ವಾ?"

"ಇಲ್ಲ ಅವ್ವ. ಬಿಸ್ಲಿಗೆ ಹಂಗ್ ಕಾಣ್ತದೆ."

ಕಾವಲಿನವನು ಪಾಪ, ಏನೂ ತಿಳಿಯದೆ ನಕ್ಕ. "ಸಿಟ್ಟೇ ಬುಡವ್ವ! ಮೊದ್ಲು ನನ್ ಸ್ಟೂಲು ಈಯಮ್ಮನ ಎದ್ರಿಗೇ ಇತ್ತು. ಏನ್ ತಪ್ ಮಾಡಿದೀನೋ ಅನ್ನಂಗೆ ನೋಡೋಳು. ಸಾಹೇಬ್ರಿಗೆ ಹೇಳಿ ಬಾಗ್ಲತ್ರ ಹಾಕಿಸ್ಕೊಂಡೆ."

ಅವ್ವ ನೆಲದ ಮೇಲೆ ಕೂತುಬಿಟ್ಟಳು. ಚಿತ್ರದ ಎದುರಿಗೆ, ಮಗಳ ಎದುರಿಗೆ ಕೂತಂತೆ. ಜೋರಾಗಿ ಅಳಲಿಲ್ಲ. ಮಾತಾಡುವ ದನಿಯಲ್ಲೇ ಹೇಳಿದಳು.

"ತಪ್ಪಾಯ್ತು ಕಣವ್ವ. ನೀ ಕೇಳಿದ್ ಸಂಜೇನೇ ಗಾಡಿ ಕಟ್ಟಿಸ್ಬೇಕಿತ್ತು. ಒಂದ್ ಹೊತ್ತು, ಒಂದೇ ಹೊತ್ತು ಅಂದ್ಕಂಡೆ. ನೋಡ್ಬೇಡ ಹಂಗೆ."

ಬೇರೆ ಊರಿನ ಯಾರೋ ಗಂಡ ಹೆಂಡತಿ ನಮ್ಮನ್ನು ದಾಟಿಕೊಂಡು, ಮೆಲ್ಲಗೆ, ಮುಂದಿನ ಕೋಣೆಗೆ ಹೋದರು. ನಾನು ಅವ್ವನನ್ನು ಎಬ್ಬಿಸಲು ಬಗ್ಗಿದೆ. ಅವಳು ಮೊಣಕಾಲಿಗೆ ಕೈಯೂರಿ ಎದ್ದು ಚಿತ್ರಕ್ಕೆ ಮುಖ ತಾಗುವಷ್ಟು ಹತ್ತಿರ ಹೋದಳು. ಅಲ್ಲೇ ನಿಂತುಬಿಟ್ಟಳು.

"ಇದು ನನ್ ಸೀರೆ ಅಂಚು," ಅಂದಳು.

ಅಕ್ಕನ ಎದೆಯ ಮೇಲೆ, ಸೆರಗಿನ ನೀಲಿಯ ನಡುವೆ, ಅಡ್ಡವಾಗಿ ಒಂದು ಕೆಂಪು ಪಟ್ಟಿ ಹಾದುಹೋಗಿತ್ತು. ನೋಡುವವರು ಅದನ್ನು ಯಾವುದೋ ಒಡವೆಯೆಂದೋ, ಹಳ್ಳಿಯ ಕಡೆಯ ಉಡಿಗೆಯ ರೀತಿಯೆಂದೋ ತಿಳಿದುಕೊಳ್ಳುವಂತೆ ಬರೆದವರು ಅದಕ್ಕೆ ಚೆಂದವಾಗಿ ಬಣ್ಣ ತುಂಬಿದ್ದರು. ಅಂಚಿನ ಸಣ್ಣ ಹಳದಿ ಚುಕ್ಕೆಗಳನ್ನೂ ಬಿಟ್ಟಿರಲಿಲ್ಲ. ಅದು ಅವ್ವ ಆ ದಿನ ತನ್ನ ಹಳೆಯ ಸೀರೆಯಿಂದ ಸಿಗಿದು ಕೊಟ್ಟ ಪಟ್ಟಿ, ಅಕ್ಕನನ್ನು ಗೂಟಕ್ಕೆ ಕಟ್ಟಿದ್ದು.

ಎಳನೀರೂ ಇಲ್ಲ, ಮಜ್ಜಿಗೆಯೂ ಇಲ್ಲ. ಅವರು ಅಕ್ಕನನ್ನು ಬದುಕಿದ್ದಾಗ ನೋಡಿರಲೇ ಇಲ್ಲ. ಸ್ಟುಡಿಯೋದವನ ಜೊತೆ ಆ ದಿನ ಬಂದವರು. ನಮ್ಮ ಗೋಡೆ ತೆಗೆದು ತೋಟ ಇಟ್ಟಿದ್ದರು. ಲಿಂಗ ತೆಗೆದು ಸೇವಂತಿಗೆ ಇಟ್ಟಿದ್ದರು. ಪಟ್ಟಿಯನ್ನು ಯಾಕೆ ಹಾಗೇ ಬಿಟ್ಟರೋ.

"ಕಣ್ಣು ಮುಚ್ಚಿದ್ದು ನಾನು," ಅಂದಳು ಅವ್ವ. "ಈ ಕೈಲಿ ಮುಚ್ಚಿದ್ದು. ನಾ ಮುಚ್ಚಿದ್ ಮ್ಯಾಲೆ ತೆಗೆದೋನ್ಯಾರು?"

ಅವಳು ಕೈ ಚಾಚಿದಳು. ರೆಪ್ಪೆ ಸವರುವಂತೆ, ಬೆರಳು ಕೆಳಮುಖವಾಗಿ.

"ಅಮ್ಮಾ, ಮುಟ್ಟಂಗಿಲ್ಲ," ಅಂದ ಕಾವಲಿನವನು. ನಗು ಹೋಗಿತ್ತು. "ಕೈಮುಗೀತೀನಿ ಕಣಮ್ಮ, ನನ್ ಕೆಲ್ಸ ಹೋಯ್ತದೆ."

ಅವ್ವನ ಕೈ ಗಾಳಿಯಲ್ಲಿ ನಿಂತಿತು. ಅವಳು ಚಿತ್ರದ ಬಲಗಣ್ಣನ್ನು ನೋಡಿದಳು. ರೆಪ್ಪೆ ಎಡಗಣ್ಣಿನದಕ್ಕಿಂತ ಒಂದು ಎಳೆ ಕೆಳಗಿತ್ತು. ಅಕ್ಕನಿಗೆ ಹಾಗಿರಲಿಲ್ಲ. ಅವ್ವ ತಿರುಗಿ ನನ್ನ ಮುಖ ನೋಡಿದಳು. ನನ್ನ ಬಲರೆಪ್ಪೆ ಹುಟ್ಟಿದಾಗಿನಿಂದ ಜೋಲು.

ಆ ಕ್ಷಣಕ್ಕೆ ನನಗೆ ಒಂದು ನೆನಪು ಬಂತು. ಬಂತೋ, ಅಗತ್ಯಕ್ಕೆ ನಾನೇ ಕಟ್ಟಿದೆನೋ, ಇಷ್ಟು ವರ್ಷವಾದರೂ ಬೇರ್ಪಡಿಸಲು ಆಗಿಲ್ಲ. ನಡುಮನೆಯಲ್ಲಿ ಒಬ್ಬರು ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಾರೆ. ಮಂಡಿಯ ಮೇಲೆ ಹಲಗೆ, ಬೆರಳಿಗೆಲ್ಲ ಇದ್ದಿಲು. "ಅಳಬೇಡ ಮರಿ, ಇಲ್ಲಿ ನೋಡು" ಅನ್ನುತ್ತಾರೆ. ನಾನು ಅಳುತ್ತಿಲ್ಲ. ನಾನು ಅವರ ಭುಜದ ಮೇಲಿಂದ ಹಿಂದೆ ನೋಡುತ್ತಿದ್ದೇನೆ. ಅಲ್ಲಿ ಅವ್ವ ಹೆಂಗಸರ ನಡುವೆ ಎದೆ ಬಡಿದುಕೊಂಡು, "ಕೈ ಮೀರಿ ಹೋಯ್ತಲ್ಲವ್ವಾ, ಗೊತ್ತಾಗ್ಲೇ ಇಲ್ವಲ್ಲವ್ವಾ" ಅಂತ ಅಳುತ್ತಿದ್ದಾಳೆ. ಗೊತ್ತಾಗಿತ್ತು. ಅಕ್ಕ ಕೇಳಿದ್ದಳು. ನಾನು ಕೇಳಿಸಿಕೊಂಡಿದ್ದೆ. ಹತ್ತು ವರ್ಷದ ನಾನು ನೋಡುತ್ತಿದ್ದ ಆ ನೋಟವನ್ನು ಅವರು ತೆಗೆದುಕೊಂಡು ಹೋಗಿ ಅಕ್ಕನ ಮುಖದಲ್ಲಿ ಇಟ್ಟಿದ್ದರು.

ಅವ್ವ ತನ್ನ ಎರಡು ಬೆರಳುಗಳನ್ನು ನನ್ನ ರೆಪ್ಪೆಗಳ ಮೇಲೆ ಇಟ್ಟಳು. ಅವು ತಣ್ಣಗಿದ್ದವು, ಕೊಬ್ಬರಿಯ ಜಿಡ್ಡಿತ್ತು. ಎಷ್ಟು ಹೊತ್ತು ಇಟ್ಟಿದ್ದಳೋ. ಕಣ್ಣು ಬಿಟ್ಟಾಗ ಅವಳು ಗಂಟು ಎತ್ತಿಕೊಂಡು ಬಾಗಿಲ ಕಡೆ ಹೊರಟಿದ್ದಳು. ಈ ಸಲ ಯಾರಿಗೂ ಕೈಮುಗಿಯಲಿಲ್ಲ. ಕಾವಲಿನವನು ಗಿಟುಕುಗಳನ್ನು ಟೋಪಿಯಲ್ಲಿ ತುಂಬಿಕೊಂಡು, ನನ್ನನ್ನೂ ಗೋಡೆಯನ್ನೂ ಒಮ್ಮೆ ನೋಡಿ, ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಸಂಜೆಯ ಪ್ಯಾಸೆಂಜರಿನಲ್ಲಿ ತುಮಕೂರು ದಾಟುವ ಹೊತ್ತಿಗೆ ಬೋಗಿ ಬಹುಪಾಲು ಖಾಲಿಯಾಗಿತ್ತು. ಅವ್ವನ ಪಕ್ಕ ಕೂತಿದ್ದ ನನಗೆ ಅವಳು, "ಎದುರ್ಗೆ ಕೂತ್ಕ" ಅಂದಳು. ಕೂತೆ. ಕಿಟಕಿಯಿಂದ ಇನ್ನೂ ಬೆಳಕಿತ್ತು. ಅವಳು ನನ್ನ ಕಣ್ಣನ್ನು ನೋಡುತ್ತಿದ್ದಳು. ನನ್ನನ್ನಲ್ಲ. ಗುಬ್ಬಿಯ ಹತ್ತಿರ ನನಗೆ ಜೊಂಪು ಹತ್ತಿತು. ಮೊಣಕಾಲು ತಟ್ಟಿ ಎಬ್ಬಿಸಿದಳು.

"ಮುಚ್ಬೇಡ. ಒಂದ್ ಮಾತು ಕೇಳ್ತೀನಿ."

"ಏನವ್ವ?"

"ಅವತ್ತು ನನ್ ಮ್ಯಾಲೆ ಸಿಟ್ಟಿತ್ತೇನೇ?"

ಯಾರನ್ನು ಕೇಳುತ್ತಿದ್ದಾಳೆ ಅಂತ ನನಗೆ ತಿಳಿಯಲಿಲ್ಲ. ಅಕ್ಕನನ್ನಾದರೆ, ಅವಳ ಪರವಾಗಿ ಉತ್ತರ ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ. ನನ್ನನ್ನಾದರೆ, ಇತ್ತು.

ನಾನು ಹೇಳಿದ ಉತ್ತರವನ್ನು ಎರಡು ರೀತಿಯಲ್ಲಿ ಜನರಿಗೆ ಹೇಳಿದ್ದೇನೆ: "ಇತ್ತು" ಅಂತ, "ಇಲ್ಲ" ಅಂತ. "ಇಲ್ಲ ಅವ್ವ" ಅಂದೆ ಅಂತ ಹೇಳಿದಾಗ ಕೇಳಿದವರಿಗೆ ಸಮಾಧಾನವಾಗುತ್ತದೆ. ಕೆಲವು ಸಲ ನನಗೂ ಆಗುತ್ತದೆ. ಆ ಮಾತು ಈಗ ನನ್ನ ಕಿವಿಯಲ್ಲಿ ಎಷ್ಟು ಸ್ಪಷ್ಟವಾಗಿದೆಯೆಂದರೆ ಅದಕ್ಕೇ ಅದರ ಮೇಲೆ ಅನುಮಾನ. ಅದೂ ಅಲ್ಲದೆ, ಅದರ ನಂತರ ಅವ್ವ ಹೇಳಿದ್ದು ಇದು, ಇದರಲ್ಲಿ ನನಗೆ ಅನುಮಾನವಿಲ್ಲ:

"ಹಂಗಾರೆ ನಿಮ್ಮಕ್ಕನ ಕಣ್ಣಾಗೆ ಏನಿತ್ತು ಅಂತ ಗೊತ್ತಾಗ್ಲೇ ಇಲ್ಲ ಬುಡು."

ಹಾಗಂದು ಎದ್ದಳು. ರೈಲಿನ ಕುಲುಕಾಟಕ್ಕೆ ಕಂಬಿ ಹಿಡಿದುಕೊಂಡು, ನನ್ನ ಬೆಂಚಿಗೆ ಬಂದು, ನನ್ನ ಪಕ್ಕ ಕೂತಳು. ಅಲ್ಲಿಂದ ನನ್ನ ಕಣ್ಣು ಅವಳಿಗೆ ಕಾಣುತ್ತಿರಲಿಲ್ಲ. ನಾನು "ಇಲ್ಲ" ಅಂದಿದ್ದರೆ ಅವಳು ಹಾಗೆ ಎದ್ದು ಬರಬೇಕಾಗಿರಲಿಲ್ಲ.

ನಿಟ್ಟೂರು ಹೋಯಿತು, ಸಂಪಿಗೆ ರೋಡ್ ಹೋಯಿತು. ಬಾಣಸಂದ್ರ ಬರುವ ತನಕ ಭುಜಕ್ಕೆ ಭುಜ ತಾಗಿಸಿಕೊಂಡು, ಎದುರಿನ ಖಾಲಿ ಸೀಟನ್ನು ನೋಡುತ್ತ ಕೂತಿದ್ದೆವು.